ಬೈಪಾಸ್ ಪಕ್ಕದ ಬಾಡೂಟ

ದಾವಣಗೆರೆಯ ಹೊರವಲಯದಲ್ಲಿ, ಬೈಪಾಸಿಗೆ ಅಂಟಿಕೊಂಡಂತೆ ಹೊಸದಾಗಿ ತೆರೆದ ದುಬಾರಿ ಸ್ಟೇಕ್ ಹೌಸ್ ಒಂದರಲ್ಲಿ ಉಂಡು ಬಂದ ನಾಲ್ವರ ಮಾತು ಇದು. ಚನ್ನಗಿರಿಯವರು ಅಡಿಕೆ ಬೆಳೆಗಾರರು. ಹೊನ್ನಾಳಿಯವರು ಭತ್ತ ಬೆಳೆಯುವವರು, ಮಾಂಸ ಮುಟ್ಟದವರು. ಜಗಳೂರಿನವರು ಪಶುಪಾಲನಾ ಇಲಾಖೆಯಲ್ಲಿದ್ದು ನಿವೃತ್ತರಾದವರು. ನ್ಯಾಮತಿಯವರು ತಾಂಡಾದಲ್ಲಿ ಹುಟ್ಟಿ ಬೆಳೆದ ಶಾಲಾ ಶಿಕ್ಷಕಿ.

ಚನ್ನಗಿರಿಯವರು: ಮೊದಲು ನನಗೆ ಹೇಳೋಕೆ ಬಿಡಿ. ನಮ್ಮ ಕಡೆ ಅಡಿಕೆಗೆ ಬೆಲೆ ಬಂದಾಗೆಲ್ಲ ಮನೆ ಎದ್ದವು, ಕಾರು ಬಂದವು, ಮದುವೆಗೆ ಸಾವಿರ ಎಲೆ ಜಾಸ್ತಿ ಬಿತ್ತು. ಆದರೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗಿ ನೆಮ್ಮದಿಯಾಗಿ ಕೂತು ಮಾಂಸದ ಊಟ ಮಾಡೋಣ ಅಂದ್ರೆ ಬೆಂಗಳೂರೇ ಆಗಬೇಕಿತ್ತು. ಈಗ ಸಂತೇಬೆನ್ನೂರು ದಾಟಿ ಸ್ವಲ್ಪ ದೂರ ಗಾಡಿ ಓಡಿಸಿದರೆ ಸಾಕು. ಗಾಜಿನ ಆಚೆ ಕೆಂಡ ಕಾಣುತ್ತೆ, ಬಾಣಸಿಗ ಚಾಪ್ಸ್ ಮಗುಚೋದು ಕಾಣುತ್ತೆ. ಅಡುಗೆಮನೆಯನ್ನ ಮುಚ್ಚಿಡದೆ ತೋರಿಸೋ ಹೋಟೆಲ್ ಅಂದ್ರೆ ನನಗೆ ಅಲ್ಲೇ ಅರ್ಧ ನಂಬಿಕೆ ಬರುತ್ತೆ.

ಹೊನ್ನಾಳಿಯವರು: ನಾನು ತಿನ್ನಲ್ಲ ಅಂತ ಗೊತ್ತಿದ್ದೂ ಕರೆದ್ರಿ, ಸಂತೋಷದಿಂದಲೇ ಬಂದೆ. ಒಂದು ಪ್ರಶ್ನೆ ಮಾತ್ರ ಉಳೀತು. ಹೊರಗಿನ ದೇಶದಲ್ಲಿ ಸ್ಟೇಕ್ ಅಂದ್ರೆ ದನದ ಮಾಂಸ ಅಂತಾರೆ. ಇಲ್ಲಿ ಮೆನುವಿನಲ್ಲಿ ಅದು ಇಲ್ಲವೇ ಇಲ್ಲ. ಆದರೂ ಬೋರ್ಡು ಹಾಗೇ ಇದೆ.

ಜಗಳೂರಿನವರು: ಇರೋಕೆ ಬರಲ್ಲ. 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಇಲ್ಲವೆ ಕೆಲಸಕ್ಕೆ ಬಾರದ ಎತ್ತು, ಎಮ್ಮೆಗೆ ಅವಕಾಶ ಇತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಹಸು, ಕರು, ಎತ್ತು, ಹೋರಿ ಎಲ್ಲವನ್ನೂ ಹೊರಗಿಟ್ಟಿತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಸಿಕ್ಕರೆ. ಹಾಗಾಗಿ ಇಲ್ಲಿ ಸ್ಟೇಕ್ ಅಂದ್ರೆ ಕುರಿ, ಕೋಳಿ, ಮೀನು. ಬೆಂಗಳೂರಿನಲ್ಲಿ 1960ರ ದಶಕದಲ್ಲೇ ಹಾರೂನ್ ಸುಲೈಮಾನ್ ಸೇಠ್ ಅನ್ನೋರು ‘ದಿ ಓನ್ಲಿ ಪ್ಲೇಸ್’ ತೆರೆದು, ಅಮೆರಿಕದಿಂದ ಬಂದ ಪೀಸ್ ಕೋರ್ ಹುಡುಗರಿಗೆ ಅವರ ಊರಿನ ರುಚಿಯ ಸ್ಟೇಕ್ ಮಾಡಿಕೊಡ್ತಿದ್ರು. ಆಗ ಅದು ಒಂದು ಸಣ್ಣ ವರ್ಗದ ಊಟ. ನಮ್ಮಂಥ ಊರಿಗೆ ಬಂದಿದ್ದು ಅದರ ತಮ್ಮ, ಸಿಜ್ಲರ್. ಮುಂಬೈನಲ್ಲಿ ಹುಟ್ಟಿ, ಕಾದ ಕಬ್ಬಿಣದ ತಟ್ಟೆ ಮೇಲೆ ಚುರ್ರ್ ಅಂತ ಹೊಗೆ ಎಬ್ಬಿಸ್ಕೊಂಡು ದಾವಣಗೆರೆವರೆಗೂ ಬಂತು.

ಚನ್ನಗಿರಿಯವರು: ಹೆಸರು ಏನಾದ್ರೂ ಇರಲಿ, ಚಾಪ್ಸ್ ಹೆಂಗಿತ್ತು ಹೇಳಿ.

ಜಗಳೂರಿನವರು: ಚಾಪ್ಸ್ ಬಹಳ ಚೆನ್ನಾಗಿತ್ತು. ಪಕ್ಕೆಲುಬಿನ ತುಂಡು, ಒಳಗಡೆ ನಸುಗೆಂಪು, ಹೊರಗಡೆ ಕಂದು. ಆ ಕಂದು ಬಣ್ಣದಲ್ಲೇ ರುಚಿ ಇರೋದು. ಮಾಂಸದ ಪ್ರೊಟೀನೂ ಅದರಲ್ಲಿರೋ ಸಕ್ಕರೆಯ ಅಂಶವೂ ಹೆಚ್ಚಿನ ಕಾವಿಗೆ ಕೂಡಿ ಹಾಗಾಗುತ್ತೆ ಅಂತ 1912ರಲ್ಲಿ ಫ್ರಾನ್ಸಿನ ಮೈಯಾರ್ ಅನ್ನೋ ವಿಜ್ಞಾನಿ ಬರೆದ. ನಮ್ಮ ಅಜ್ಜಿ ಒಲೆ ಮೇಲೆ ಮಾಂಸವನ್ನ ನೀರು ಹಾಕದೆ ಮೊದಲು ಬಾಡಿಸ್ತಿದ್ದಳಲ್ಲ, ಅದೂ ಇದೇ ಕೆಲಸ. ಆದರೆ ತೊಡೆಯಿಂದ ಕೊಯ್ದ ದಪ್ಪನೆ ತುಂಡನ್ನ ‘ಮಟನ್ ಸ್ಟೇಕ್’ ಅಂತ ತಂದಿಟ್ರಲ್ಲ, ಅಲ್ಲಿ ನನಗೆ ಬೇಜಾರಾಯ್ತು. ಅಗಿದೂ ಅಗಿದೂ ದವಡೆ ನೋವು.

ಹೊನ್ನಾಳಿಯವರು: ಅಡುಗೆಯವನ ಕೈಗುಣವೋ, ಕುರಿಯದೋ?

ಜಗಳೂರಿನವರು: ಎರಡೂ ಅಲ್ಲ. ಕುರಿ ಒಂದು ನಮೂನೆ, ಅಡುಗೆ ಇನ್ನೊಂದು ನಮೂನೆ; ಜೋಡಿ ತಪ್ಪಿದೆ. ಸ್ಟೇಕ್ ಅನ್ನೋ ಅಡುಗೆ ಹುಟ್ಟಿದ್ದೇ ನಿಂತಲ್ಲೇ ಮೇದು ಕೊಬ್ಬಿದ ಪ್ರಾಣಿಗೆ, ಅದರಲ್ಲೂ ಬೆನ್ನಿನ ಆಸುಪಾಸಿನ ದುಡಿಯದ ಸ್ನಾಯುವಿಗೆ. ಜಗಳೂರು ಸೀಮೆ ಕುರಿ ಹಂಗಲ್ಲ. ನಮ್ಮದು ಬಳ್ಳಾರಿ ತಳಿ. ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ಹಾವೇರಿ ಸುತ್ತ ಇರೋದು. ಕಪ್ಪು, ಬಿಳಿ, ಎರಡೂ ಬೆರೆತದ್ದು, ಒರಟು ಉಣ್ಣೆ. ಅದರ ಬದುಕೇ ನಡಿಗೆ. ಬೆಳಗ್ಗೆ ಹಟ್ಟಿಯಿಂದ ಹೊರಟರೆ ಸಂಜೆವರೆಗೂ ಕುರುಚಲು ಕಾಡು, ಕಲ್ಲುಬಾರೆ, ಬೀಳು. ನಡೆದ ಕಾಲಲ್ಲಿ ಕೊಲಾಜೆನ್ ಅನ್ನೋ ನಾರು ಗಟ್ಟಿಯಾಗಿ ಕೂತಿರುತ್ತೆ. ಅದನ್ನ ಹತ್ತು ನಿಮಿಷ ಕೆಂಡದ ಮೇಲೆ ಇಟ್ಟರೆ ಬಿಗಿದುಕೊಳ್ಳುತ್ತೆ. ಎಪ್ಪತ್ತು ಡಿಗ್ರಿ ದಾಟಿದ ಕಾವಿನಲ್ಲಿ, ನೀರಿನ ಜೊತೆ, ಗಂಟೆಗಟ್ಟಲೆ ಬೆಂದರೆ ಅದೇ ನಾರು ಕರಗಿ ಅಂಟಾಗಿ ಸಾರಿಗೆ ಇಳಿಯುತ್ತೆ. ಎಸರು ತಟ್ಟೆಯಲ್ಲಿ ಬೆರಳಿಗೆ ಅಂಟುತ್ತಲ್ಲ, ಅದೇ. ನಮ್ಮ ಹಿರಿಯರು ಕಾಲು, ಕುತ್ತಿಗೆ, ಮೂಳೆ ಎಲ್ಲ ಒಟ್ಟಿಗೆ ಹಾಕಿ ನಿಧಾನಕ್ಕೆ ಬೇಯಿಸಿದ್ದು ಬಡತನಕ್ಕಷ್ಟೇ ಅಲ್ಲ. ಈ ಕುರಿಗೆ ಅದೇ ಸರಿಯಾದ ಅಡುಗೆ.

ಚನ್ನಗಿರಿಯವರು: ಆದರೆ ‘ಎಷ್ಟು ಬೇಯಬೇಕು ಸರ್’ ಅಂತ ಕೇಳಿದ್ರಲ್ಲ, ನನಗೆ ಅದು ಹಿಡಿಸ್ತು.

ಜಗಳೂರಿನವರು: ಹೌದು, ಅದು ಮರ್ಯಾದೆಯ ಪ್ರಶ್ನೆ. ಆದರೆ ಆ ಪ್ರಶ್ನೆ ಹಿಂದೆ ಒಂದು ಏರ್ಪಾಡು ಇರಬೇಕು. ಕೊಯ್ದ ಕೆಲವು ಗಂಟೆಯಲ್ಲಿ ಮಾಂಸ ಬಿಗೀತದೆ. ಆಮೇಲೆ ಸೊನ್ನೆಯಿಂದ ನಾಲ್ಕು ಡಿಗ್ರಿ ತಂಪಿನಲ್ಲಿ ದಿನಗಟ್ಟಲೆ ಇಟ್ಟರೆ ಅದರೊಳಗಿನ ಕಿಣ್ವಗಳೇ ನಾರನ್ನ ಸಡಿಲ ಮಾಡ್ತವೆ. ಹೊರದೇಶದ ಒಳ್ಳೆ ಸ್ಟೇಕ್ ಹೌಸಿನಲ್ಲಿ ದನದ ಮಾಂಸ ವಾರಗಟ್ಟಲೆ ಹಾಗೆ ತೂಗಿರುತ್ತೆ. ನಮ್ಮಲ್ಲಿ ಬೆಳಗ್ಗೆ ಕೊಯ್ದದ್ದು ಮಧ್ಯಾಹ್ನ ಸಾರು. ಬೆಳಗಿನ ಮಾಂಸವನ್ನ ರಾತ್ರಿ ಕೆಂಡಕ್ಕೆ ಇಟ್ಟು ‘ಮೀಡಿಯಂ ಬೇಕಾ’ ಅಂದ್ರೆ ಅದು ಅರ್ಧ ಕೆಲಸ.

ಹೊನ್ನಾಳಿಯವರು: ಹಂಗಾದ್ರೆ ಈ ಹೋಟೆಲ್ ನಮ್ಮ ಸೀಮೆಗೆ ಹೊಂದಲ್ಲ ಅಂತೀರಾ?

ನ್ಯಾಮತಿಯವರು: ಸ್ವಲ್ಪ ತಡೀರಿ. ನೀವು ಮೂವರೂ ತಟ್ಟೆ ನೋಡಿದ್ರಿ. ನಾನು ಕುರ್ಚಿ ನೋಡಿದೆ.

ಚನ್ನಗಿರಿಯವರು: ಕುರ್ಚಿ?

ನ್ಯಾಮತಿಯವರು: ಕುರ್ಚಿ ಮೇಲೆ ಯಾರು ಕೂತಿದ್ರು ಅಂತ. ನಮ್ಮ ಪಕ್ಕದ ಮೇಜಿನಲ್ಲಿ ಅತ್ತೆ, ಸೊಸೆ, ಇಬ್ಬರು ಹೆಣ್ಣುಮಕ್ಕಳು, ಗಂಡಸರೇ ಇಲ್ಲ. ಮೂಳೆ ಕೈಯಲ್ಲಿ ಹಿಡಿದು ತಿಂತಾ ಇದ್ರು, ನಗ್ತಾ ಇದ್ರು. ಯಾರೂ ತಿರುಗಿ ನೋಡಲಿಲ್ಲ. ಇದನ್ನ ನಮ್ಮ ನಾಲ್ಕು ತಾಲ್ಲೂಕಿನ ಯಾವ ಪೇಟೆಯಲ್ಲಿ ಇಪ್ಪತ್ತು ವರ್ಷದ ಹಿಂದೆ ನೋಡಿದ್ರಿ, ಹೇಳಿ.

ಹೊನ್ನಾಳಿಯವರು: ಹೆಂಗಸರು ಹೋಟೆಲಿಗೆ ಬರ್ತಿದ್ರಲ್ಲ. ದೋಸೆಗೆ, ಕಾಫಿಗೆ.

ನ್ಯಾಮತಿಯವರು: ದೋಸೆಗೆ ಬರ್ತಿದ್ರು, ಒಪ್ತೀನಿ. ಬಾಡೂಟಕ್ಕೆ ಬರ್ತಿರಲಿಲ್ಲ. ತಾಲ್ಲೂಕು ಪೇಟೆಯಲ್ಲಿ ಮಾಂಸದ ಊಟ ಎಲ್ಲಿ ಸಿಗ್ತಿತ್ತು? ಒಂದು, ಮಿಲಿಟರಿ ಹೋಟೆಲ್. ಇನ್ನೊಂದು, ಬಾರ್ ಅಂಡ್ ರೆಸ್ಟೋರೆಂಟ್. ಮಿಲಿಟರಿ ಹೋಟೆಲಿನ ಪರಂಪರೆ ದೊಡ್ಡದು, ನನಗೂ ಗೌರವ ಇದೆ. ಬೆಂಗಳೂರಿನ ಶಿವಾಜಿ ಮಿಲಿಟರಿ ಹೋಟೆಲ್ 1935ರಿಂದ ನಡೀತಿದೆ. ಆದರೆ ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಮಿಲಿಟರಿ ಹೋಟೆಲ್ ಅಂದ್ರೆ ಉದ್ದ ಬೆಂಚು, ಲಾರಿಯವರು, ಸಂತೆಗೆ ಬಂದ ಗಂಡಸರು. ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ‘ಫ್ಯಾಮಿಲಿ ರೂಂ’ ಅಂತ ಒಂದು ಇರ್ತಿತ್ತು. ಪ್ಲೈವುಡ್ ಗೂಡು, ಕೊಳಕು ಪರದೆ, ಒಳಗೆ ಒಂದೇ ಬಲ್ಬು. ಪರದೆ ಆಚೆ ಕುಡಿದವರ ಮಾತು. ನನ್ನ ಮದುವೆ ಆದ ಹೊಸತರಲ್ಲಿ ಮನೆಯವರು ಅಂಥ ಒಂದು ಕಡೆ ಕರ್ಕೊಂಡು ಹೋಗಿದ್ರು. ತಲೆ ತಗ್ಗಿಸ್ಕೊಂಡು ತಿಂದು ಎದ್ದು ಬಂದೆ. ಬಿರಿಯಾನಿ ಹೆಂಗಿತ್ತು ಅಂತ ಇವತ್ತಿಗೂ ನೆನಪಿಲ್ಲ, ಪರದೆ ನೆನಪಿದೆ.

ಜಗಳೂರಿನವರು: ಇದು ನಿಜ. ನಮ್ಮ ಮನೆಯವರೂ ಹೊರಗಡೆ ಮಾಂಸ ತಿಂದಿದ್ದೇ ಇಲ್ಲ.

ನ್ಯಾಮತಿಯವರು: ತಿಂದಿಲ್ಲ, ಆದರೆ ಅಡುಗೆ ಎಷ್ಟು ಮಾಡಿರಬೇಕು! ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ. ಒಂದೊಂದು ಮನೆಗೆ ಎಷ್ಟು ನೆಂಟರು! ಬೆಳಗಿನ ಜಾವ ಎದ್ದು ಮಸಾಲೆ ಅರೆದು, ರೊಟ್ಟಿ ಬಡಿದು, ಪಂಕ್ತಿ ಮೇಲೆ ಪಂಕ್ತಿ ಬಡಿಸಿ, ಕೊನೆಗೆ ಹೆಂಗಸರು ಕೂರೋ ಹೊತ್ತಿಗೆ ಪಾತ್ರೆ ತಳದಲ್ಲಿ ಎಸರು, ನಾಲ್ಕು ಮೂಳೆ. ತುಂಡೆಲ್ಲ ಮೊದಲ ಪಂಕ್ತಿಗೇ ಆಗಿರುತ್ತೆ. ನಮ್ಮ ತಾಂಡಾದಲ್ಲೂ ಅಷ್ಟೇ. ಸಳೋಯಿ ಅಂತ ಮಾಡ್ತೀವಿ, ಮಾಂಸ ಮತ್ತು ರಕ್ತ ಸೇರಿಸಿ, ಜೋಳದ ರೊಟ್ಟಿ ಜೊತೆ. ನಮ್ಮವ್ವ ಬಿಸಿ ಸಳೋಯಿ ತಿಂದಿದ್ದನ್ನ ನಾನು ನೋಡೇ ಇಲ್ಲ. ಮೊನ್ನೆ ಅವಳನ್ನೂ ಜೊತೆಗೆ ಕರ್ಕೊಂಡು ಬಂದಿದ್ನಲ್ಲ, ಅವಳ ಮುಂದೆ ಒಬ್ಬ ಹುಡುಗ ಬಂದು, ಬಗ್ಗಿ, ಮೊದಲ ಚಾಪ್ಸ್ ಅವಳ ತಟ್ಟೆಗೇ ಹಾಕಿದ. ಅವಳು ನನ್ನ ಮುಖ ನೋಡಿದಳು, ‘ತಿನ್ನಲಾ?’ ಅಂತ. ಆ ಹುಡುಗನಿಗೆ ಅದು ಬರೀ ತರಬೇತಿ, ಹಿರಿಯರಿಗೆ ಮೊದಲು ಬಡಿಸು ಅಂತ. ನನಗೆ ಆ ತರಬೇತಿ ಬಹಳ ದೊಡ್ಡದಾಗಿ ಕಂಡಿತು.

ಹೊನ್ನಾಳಿಯವರು: ನಾನು ದಾಸೋಹದ ಊಟ ಉಂಡು ಬೆಳೆದವನು. ಹಿರೇಕಲ್ಮಠದಲ್ಲಿ ಯಾರು ಬಂದರೂ ಅನ್ನ ಹಾಕ್ತಾರೆ, ದುಡ್ಡು ಕೇಳಲ್ಲ. ಹಾಗಾಗಿ ಒಂದು ಸಂಶಯ ಹೇಳ್ತೀನಿ, ತಪ್ಪು ತಿಳೀಬೇಡಿ. ಈ ಮರ್ಯಾದೆ ಬಿಲ್ಲಿಗೆ ಕೊಟ್ಟ ಮರ್ಯಾದೆ ತಾನೆ? ಕೂಲಿ ಮಾಡೋ ಹೆಂಗಸು ಆ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗ್ತಾಳಾ? ಅವಳ ನಾಲ್ಕು ದಿನದ ಕೂಲಿ ಅಲ್ಲಿ ಒಂದು ತಟ್ಟೆ.

ನ್ಯಾಮತಿಯವರು: ಹೋಗಲ್ಲ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಂತಲ್ಲ, ಪೂರ್ತಿ ಉತ್ತರ ಇಲ್ಲ. ಮಕ್ಕಳಿಗೆ ಸಂವಿಧಾನದ ಪಾಠ ಮಾಡುವಾಗ 15ನೇ ವಿಧಿ ಬರುತ್ತೆ. ಅದರ ಎರಡನೇ ಭಾಗದಲ್ಲಿ ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲು ಅಂತ ಬಿಡಿಸಿ ಬರೆದಿದ್ದಾರೆ. ಜಾತಿ, ಧರ್ಮ, ಹುಟ್ಟಿದ ಊರಿನ ಕಾರಣಕ್ಕೆ ಅಲ್ಲಿಗೆ ಯಾರನ್ನೂ ತಡೆಯೋ ಹಾಗಿಲ್ಲ ಅಂತ. ಲಿಂಗದ ಕಾರಣಕ್ಕೂ ತಡೆಯೋ ಹಾಗಿಲ್ಲ ಅಂತ ಅದೇ ಸಾಲಿನಲ್ಲಿದೆ. ದೇಶಕ್ಕೆ ದೇಶವೇ ಕಟ್ಟೋ ಹೊತ್ತಿನಲ್ಲಿ ಹೋಟೆಲಿನ ಬೆಂಚಿನ ಬಗ್ಗೆ ಬರೆಯೋಕೆ ಕೂತರು ಅಂದ್ರೆ, ಆ ಬೆಂಚು ಎಷ್ಟು ಜನರನ್ನ ಹೊರಗಿಟ್ಟಿತ್ತು ಯೋಚನೆ ಮಾಡಿ. ಬೇರೆ ಲೋಟ, ಬೇರೆ ಸಾಲು, ಹೊರಗಿನ ಜಗಲಿ. ನಮ್ಮ ಅಪ್ಪನ ಕಾಲದವರು ಪೇಟೆಗೆ ಬಂದರೆ ಬುತ್ತಿ ಕಟ್ಟಿಕೊಂಡೇ ಬರ್ತಿದ್ರು. ಮೊನ್ನೆ ಆ ಹೋಟೆಲಿನಲ್ಲಿ ನಮ್ಮ ಜಾತಿ ಯಾವುದು, ತಾಂಡಾ ಯಾವುದು ಅಂತ ಕೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ದುಡ್ಡು ಒಂದು ಬಾಗಿಲು ಮುಚ್ಚುತ್ತೆ, ಒಪ್ಪಿದೆ. ಆದರೆ ಮೊದಲಿದ್ದ ಮೂರು ಬಾಗಿಲಲ್ಲಿ ಎರಡನ್ನ, ಜಾತಿಯದು, ಹೆಣ್ಣು ಅನ್ನೋದು, ಆ ಹೋಟೆಲ್ ತೆಗೆದಿದೆ. ಮುಚ್ಚಿರೋ ಒಂದಕ್ಕೆ ನಾವು ಜಗಳ ಆಡೋಣ.

ಚನ್ನಗಿರಿಯವರು: ನನಗೆ ಈಗ ಅನ್ನಿಸ್ತಿದೆ. ನಾನು ‘ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗೋಕೆ ಜಾಗ’ ಅಂತ ಶುರು ಮಾಡಿದೆ. ನೀವು ಹೇಳೋದು ಅವರೇ ಹೋಗೋ ಜಾಗ ಅಂತ.

ನ್ಯಾಮತಿಯವರು: ಅವರೇ ಹೋಗೋ ಜಾಗ. ಅವರೇ ‘ನನಗೆ ಇದು ಬೇಡ, ಅದು ಕೊಡು’ ಅನ್ನೋ ಜಾಗ.

ಜಗಳೂರಿನವರು: ಅಮ್ಮಾ, ನಿಮ್ಮ ಮಾತು ಪೂರಾ ಒಪ್ತೀನಿ. ಅದರ ಪಕ್ಕಕ್ಕೇ ನನ್ನದೊಂದು ಇಡ್ತೀನಿ. ಕೂತವರಿಗೆ ಮರ್ಯಾದೆ ಬಂತು. ಕುರಿ ಕಾದವನಿಗೆ? ಮೆನುವಿನಲ್ಲಿ ಸಾಸುಗಳಿಗೆಲ್ಲ ಹೆಸರಿದೆ. ಮೆಣಸಿನ ಸಾಸು, ಅಣಬೆ ಸಾಸು, ಯಾವುದೋ ದೇಶದ ಗಿಡಮೂಲಿಕೆ. ಕುರಿ ಎಲ್ಲಿಯದು ಅಂತ ಒಂದು ಸಾಲಿಲ್ಲ. ಬಡಿಸೋ ಹುಡುಗನನ್ನ ಕೇಳಿದೆ. ‘ಸಪ್ಲೈ ಬರುತ್ತೆ ಸರ್’ ಅಂದ. ಸಪ್ಲೈ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ಜಗಳೂರಿನಿಂದ, ಪಕ್ಕದ ಚಳ್ಳಕೆರೆಯಿಂದ, ಕೂಡ್ಲಿಗಿಯಿಂದ. ಮಳೆ ಕೈ ಕೊಟ್ಟ ವರ್ಷ ಮೆಕ್ಕೆಜೋಳ ಒಣಗುತ್ತೆ, ಆಗ ಮನೆ ಉಳಿಸೋದು ಕುರಿ. ಅದನ್ನ ಸಂತೆಯಲ್ಲಿ ಕೊಳ್ಳೋದು ಹೆಂಗೆ? ಕಣ್ಣಳತೆ. ದಲ್ಲಾಳಿ ಬೆನ್ನು ಹಿಚುಕಿ, ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳ್ತಾನೆ. ತಕ್ಕಡಿ ಇಲ್ಲ. ಅದೇ ಕುರಿ ಹೋಟೆಲಿಗೆ ಬಂದ ಮೇಲೆ ಗ್ರಾಂ ಲೆಕ್ಕ. ಮೆನುವಿನಲ್ಲಿ ಇನ್ನೂರೈವತ್ತು ಗ್ರಾಂ ಅಂತ ಬರೆದಿದ್ರಲ್ಲ, ನೋಡಿದ್ರಾ?

ಹೊನ್ನಾಳಿಯವರು: ನಿಮ್ಮ ಕುರಿ ನಮ್ಮ ಗದ್ದೆಗೂ ಬರ್ತವೆ. ಭದ್ರಾ ಕಾಲುವೆ ನೀರಿನ ಭತ್ತ ಕೊಯ್ಲು ಆದ ಮೇಲೆ ಮಂದೆ ಮಂದೆ ಇಳೀತವೆ. ಕುರಿಗಾರರು ರಾತ್ರಿ ಗದ್ದೆಯಲ್ಲೇ ಕೂಡ್ತಾರೆ, ಗೊಬ್ಬರ ನಮಗೆ, ಭತ್ತವೋ ದುಡ್ಡೋ ಅವರಿಗೆ. ಹೆಂಗಸರು, ಮಕ್ಕಳು, ನಾಯಿ, ಕಂಬಳಿ ಎಲ್ಲ ಜೊತೆಗೇ. ನಾನು ಮಾಂಸ ತಿನ್ನಲ್ಲ, ಆದರೆ ನನ್ನ ಅನ್ನದಲ್ಲಿ ನಿಮ್ಮ ಕುರಿ ಇದೆ ಅಂತ ಹೇಳಬಹುದು.

ಜಗಳೂರಿನವರು: ಅದನ್ನೇ ನಾನು ಹೇಳೋದು. ನಾವೆಲ್ಲ 1997ರಲ್ಲಿ ಒಂದೇ ಜಿಲ್ಲೆಗೆ ಸೇರಿದ್ವಿ. ನೀವು ಶಿವಮೊಗ್ಗದಿಂದ ಬಂದವರು, ನಾವು ಚಿತ್ರದುರ್ಗದಿಂದ. ಕಾಲುವೆ ನಿಮ್ಮಲ್ಲಿಗೆ ಬಂತು, ನಮ್ಮಲ್ಲಿಗೆ ಭದ್ರಾ ಮೇಲ್ದಂಡೆ ಇನ್ನೂ ಬರ್ತಾನೇ ಇದೆ. ಆದರೆ ಕುರಿ ಮಾತ್ರ ಸರ್ಕಾರಕ್ಕಿಂತ ಮೊದಲೇ ಈ ಸೀಮೆಯನ್ನೆಲ್ಲ ನಡೆದು ಒಂದು ಮಾಡಿದೆ. ಆ ನಡಿಗೆಯ ರುಚಿ ಮಾಂಸದಲ್ಲಿದೆ. ನಾನು ಹೋಟೆಲಿನವನಾಗಿದ್ರೆ ತೊಡೆಯ ಸ್ಟೇಕ್ ತೆಗೆದುಹಾಕಿ ಮೊಣಕಾಲ ಕೆಳಗಿನ ನಳ್ಳಿ ತಗೊಂಡು, ಮೊದಲು ಕೆಂಡದ ಮೇಲೆ ಕಂದು ಮಾಡಿ, ಆಮೇಲೆ ಮುಚ್ಚಿದ ಪಾತ್ರೆಯಲ್ಲಿ ನಾಲ್ಕು ಗಂಟೆ ಬೇಯಿಸ್ತಿದ್ದೆ. ಒಣಕೊಬ್ಬರಿ, ಗಸಗಸೆ, ಹುರಿದ ಮೆಣಸಿನಕಾಯಿ. ಜೊತೆಗೆ ಆಲೂಗಡ್ಡೆ ಹಿಸುಕಿದ್ದರ ಬದಲು ರಾಗಿ ಮುದ್ದೆ, ಇಲ್ಲ ಜೋಳದ ರೊಟ್ಟಿ. ಮೆನುವಿನಲ್ಲಿ ಬರೀಲಿ: ಜಗಳೂರು ಕುರಿ, ನಳ್ಳಿ. ಆ ಬೆಲೆಗೆ ನಾನೂ ಮಾತಾಡದೆ ದುಡ್ಡು ಕೊಡ್ತೀನಿ. ಕುರಿಯನ್ನ ಜೀವಂತ ತೂಕದ ಲೆಕ್ಕದಲ್ಲಿ, ಕುರಿಗಾರನಿಂದಲೇ ತಗೊಳ್ಳಲಿ.

ಚನ್ನಗಿರಿಯವರು: ಮೀನಿನದ್ದೂ ಇದೇ ಕತೆ. ಫಿಶ್ ಸ್ಟೇಕ್ ಅಂತ ತಂದಿದ್ದು ಬಾಸಾ. ನೋಡೋಕೆ ಬೆಳ್ಳಗೆ, ಬಾಯಿಗೆ ಹಾಕಿದ್ರೆ ಏನೂ ಇಲ್ಲ. ನಮ್ಮ ಶಾಂತಿಸಾಗರದಲ್ಲಿ, ಅದೇ ಸೂಳೆಕೆರೆಯಲ್ಲಿ, ಕಾಟ್ಲಾ, ರೋಹು ಹಿಡೀತಾರೆ. ಬಲೆ ಎಳೆದ ದಿನ ಏರಿ ಮೇಲೆ ಜನ ಕಾಯ್ತಾ ನಿಂತಿರ್ತಾರೆ. ಕಾಟ್ಲಾದ ದಪ್ಪ ತುಂಡನ್ನ ಅಡ್ಡಕ್ಕೆ ಕೊಯ್ದರೆ ಅದಕ್ಕಿಂತ ಒಳ್ಳೆ ಸ್ಟೇಕ್ ಬೇಕಾ? ಮುಳ್ಳು ಅಂತ ಹೆದರ್ತಾರೆ. ಮುಳ್ಳು ಬಿಡಿಸ್ಕೊಂಡು ತಿನ್ನೋದನ್ನ ಮಕ್ಕಳಿಗೆ ಕಲಿಸೋಣ.

ಹೊನ್ನಾಳಿಯವರು: ನನ್ನ ತಟ್ಟೆ ಬಗ್ಗೆಯೂ ಒಂದು ಮಾತು. ಪನ್ನೀರ್ ಸ್ಟೇಕ್ ಕೊಟ್ರು. ಮಾಂಸದ ಹೋಟೆಲಿನಲ್ಲಿ ತಿನ್ನದವನಿಗೆ ಬೇರೆ ಬಾಣಲೆ, ಬೇರೆ ಇಕ್ಕಳ ಇಟ್ಟಿದ್ರು, ಕೇಳದೇ ಬಂದು ಹೇಳಿದ್ರು. ಅದು ದೊಡ್ಡ ಮನಸ್ಸು. ಒಂದೇ ಮೇಜಿನಲ್ಲಿ ನೀವು ಮೂಳೆ ಹಿಡಿದು, ನಾನು ಪನ್ನೀರು ಹಿಡಿದು ಕೂತು ಮಾತಾಡಿದ್ವಿ. ನಮ್ಮಪ್ಪ ಇದ್ದಿದ್ರೆ ಆ ಬಾಗಿಲಿನ ಹತ್ರವೂ ಹೋಗ್ತಿರಲಿಲ್ಲ, ನನ್ನನ್ನೂ ಬಿಡ್ತಿರಲಿಲ್ಲ. ಆದರೆ ಪನ್ನೀರಿಗಿಂತ ಎಣ್ಣೆಗಾಯಿ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು.

ನ್ಯಾಮತಿಯವರು: ದಾವಣಗೆರೆಗೆ ಊಟದಲ್ಲಿ ಹೆಸರು ತಂದಿದ್ದು ಏನು? ಬೆಣ್ಣೆದೋಸೆ. ಅದರ ಕತೆ ಕೇಳಿರ್ತೀರಿ. ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನೋ ಹೆಣ್ಣುಮಗಳು ಮಕ್ಕಳನ್ನ ಕಟ್ಟಿಕೊಂಡು 1928ರ ಸುಮಾರಿಗೆ ಇಲ್ಲಿಗೆ ಬಂದಳು, ನಾಟಕದ ಥಿಯೇಟರ್ ಪಕ್ಕ ರಾಗಿ ಹಿಟ್ಟಿನ ದೋಸೆ ಹಾಕೋಕೆ ಶುರು ಮಾಡಿದಳು, ಆಮೇಲೆ ಅವಳ ಮಕ್ಕಳು ಅಕ್ಕಿಗೆ, ಬೆಣ್ಣೆಗೆ ತಿರುಗಿದರು ಅಂತ ಹೇಳ್ತಾರೆ. ಇವತ್ತು ಬೆಂಗಳೂರು, ಮುಂಬೈನಲ್ಲೂ ಆ ಬೋರ್ಡು ಹಾಕ್ಕೊಂಡು ವ್ಯಾಪಾರ ಮಾಡ್ತಾರೆ. ಹೆಣ್ಣು ಬೆಂಕಿ ಮುಂದೆ ನಿಂತು ಕಟ್ಟಿದ ಹೆಸರು ಅದು. ಉತ್ತರದ ಕಡೆ ಖಾನಾವಳಿ ನಡೆಸಿದವರಲ್ಲೂ ಎಷ್ಟು ಜನ ಹೆಂಗಸರು! ಈಗ ಆ ಗಾಜಿನ ಆಚೆ ನೋಡಿದ್ರಲ್ಲ, ಕೆಂಡದ ಮುಂದೆ ಒಬ್ಬ ಹೆಣ್ಣೂ ಇಲ್ಲ. ದೂರದ ರಾಜ್ಯದಿಂದ ಬಂದ ಹುಡುಗರು. ಅವರು ಚೆನ್ನಾಗಿ ಮಾಡ್ತಾರೆ, ಅವರ ಅನ್ನ ಕಿತ್ತುಕೊಳ್ಳೋ ಮಾತಲ್ಲ. ಆದರೆ ನಾಲ್ಕು ಗಂಟೆ ನಳ್ಳಿ ಬೇಯಿಸೋದು ಅವರಿಗೆ ಗೊತ್ತಿಲ್ಲ. ಅದು ಗೊತ್ತಿರೋರು ನಮ್ಮ ಊರುಗಳಲ್ಲಿದ್ದಾರೆ, ಸಂಬಳ ಇಲ್ಲದೆ ಜೀವಮಾನ ಪೂರ್ತಿ ಬೇಯಿಸಿದ್ದಾರೆ.

ಚನ್ನಗಿರಿಯವರು: ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಯುತ್ತೆ. ಹಳ್ಳಿ ಹೆಂಗಸರು ಹೆಂಗೆ ಮನೆಗೆ ಹೋಗ್ತಾರೆ?

ನ್ಯಾಮತಿಯವರು: ಗಾರ್ಮೆಂಟ್ಸ್ ಕಾರ್ಖಾನೆಗೆ ವ್ಯಾನು ಬರಲ್ವಾ? ಇಲ್ಲಿಗೂ ಬರಲಿ. ನಿಧಾನದ ಅಡುಗೆ ರಾತ್ರಿ ಮಾಡಬೇಕಿಲ್ಲ, ಬೆಳಗ್ಗೆ ಎಂಟಕ್ಕೆ ಬಂದು ಮಧ್ಯಾಹ್ನ ಮೂರಕ್ಕೆ ಮುಗಿಸಿ ಹೋಗಬಹುದು.

ಹೊನ್ನಾಳಿಯವರು: ಇದನ್ನೆಲ್ಲ ಅವರಿಗೆ ಯಾರು ಹೇಳ್ತಾರೆ?

ನ್ಯಾಮತಿಯವರು: ಹೇಳಿ ಬಂದಿದ್ದೀನಿ. ನೀವು ಪಾರ್ಕಿಂಗ್‌ನಲ್ಲಿ ಗಾಡಿ ತೆಗೀತಾ ಇದ್ರಿ, ನಾನು ಮಾಲೀಕರ ಜೊತೆ ನಿಂತಿದ್ದೆ. ಎರಡು ವಿಷಯ ಕೇಳಿದೆ. ವಾರದ ದಿನ ಮಧ್ಯಾಹ್ನ ಹೆಂಗೂ ಮೇಜು ಖಾಲಿ ಇರ್ತವೆ. ಆ ಹೊತ್ತಿಗೆ ಅರ್ಧ ಪ್ಲೇಟು, ಅರ್ಧ ಬೆಲೆ ಇಡಿ ಅಂದೆ. ನಮ್ಮ ಶಾಲೆಯ ಅಡುಗೆಯವರು, ಆಯಾ, ಅಂಗನವಾಡಿಯವರು ಎಲ್ಲ ಸೇರಿ ಒಂದು ದಿನ ಬರಬಹುದು. ಇನ್ನೊಂದು, ಬೆಳಗಿನ ಅಡುಗೆಗೆ ಇಬ್ಬರು ಹೆಂಗಸರನ್ನ ಸಂಬಳಕ್ಕೆ ತಗೊಳ್ಳಿ ಅಂದೆ.

ಜಗಳೂರಿನವರು: ಏನಂದ್ರು?

ನ್ಯಾಮತಿಯವರು: ಅರ್ಧ ಪ್ಲೇಟಿಗೆ ‘ಆಗಲಿ ಮೇಡಂ, ಮುಂದಿನ ತಿಂಗಳಿಂದ ನೋಡ್ತೀನಿ’ ಅಂದರು. ಹೆಂಗಸರ ಕೆಲಸಕ್ಕೆ ಸುಮ್ಮನಾದರು. ಮುಂದಿನ ತಿಂಗಳು ಮತ್ತೆ ಹೋಗ್ತೀನಿ. ಆಗ ನೀವೂ ಬನ್ನಿ, ಕುರಿಯ ತೂಕದ ಮಾತು ನೀವೇ ಆಡಿ.